ಪಟ್ಟಿಯಲ್ಲಿ ಒಂದೇ ಹೆಸರು

ಬೈರೇಶನ ರಕ್ತ ಬೇರೆಯವರ ರಕ್ತದಂತಲ್ಲ ಎಂಬುದು ಅವನಿಗೆ ಗೊತ್ತಾದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನು ಸಾತನೂರಿನ ಹತ್ತಿರ ಕುರಿ ಸಾಕುವ ಮನೆಯೊಂದರ ಎರಡನೆಯ ಮಗ, ಪಿಯುಸಿ ಮುಗಿಸಿ ಕನಕಪುರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವನು, ಹಾರೋಹಳ್ಳಿಯಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೂತು ಬಿಡಿಭಾಗಗಳ ಪಟ್ಟಿ ಟೈಪ್ ಮಾಡುವವನು, ಅಷ್ಟೆ. 2004ರಲ್ಲಿ ಕಾರ್ಖಾನೆಯವರು ರಕ್ತದಾನ ಶಿಬಿರ ಇಟ್ಟರು. ಕೊಟ್ಟವರಿಗೆ ಅರ್ಧ ದಿನ ರಜೆ ಎಂದಿದ್ದರಿಂದ ಸಾಲು ದೊಡ್ಡದಿತ್ತು. ಬೈರೇಶನೂ ನಿಂತ. ಓ ಪಾಸಿಟಿವ್ ಎಂದು ಚೀಟಿ ಬರೆದುಕೊಟ್ಟು, ಬಿಸ್ಕತ್ತು ತಿನ್ನಿಸಿ ಕಳಿಸಿದರು.

ವಾರದ ಮೇಲೆ ಕನಕಪುರದಿಂದ ಫೋನು ಬಂತು. ಅಲ್ಲೊಂದು ಧರ್ಮಸಂಸ್ಥೆಯವರು ನಡೆಸುತ್ತಿದ್ದ ಸಣ್ಣ ಬ್ಲಡ್ ಬ್ಯಾಂಕಿತ್ತು. ಅದರ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಕರೀಮುನ್ನೀಸಾ, ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಶಿಬಿರದಲ್ಲಿ ಸಂಗ್ರಹಿಸಿದ ಬಾಟಲಿಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷೆ ಮಾಡಿ ನೋಡದೆ ಅವರು ಫ್ರಿಜ್ಜಿಗೆ ಇಡುತ್ತಿರಲಿಲ್ಲ. ಬೈರೇಶ್ ಅಲ್ಲಿಗೆ ಹೋದ.

"ಕೂತ್ಕೊ. ಭಯ ಬೀಳೋದೇನಿಲ್ಲ, ನಿಂಗೆ ಕಾಯಿಲೆ ಇಲ್ಲ," ಎಂದರು ಅವರು. "ನಿನ್ನ ರಕ್ತದ ತಿಳಿನೀರನ್ನ ಓ ಗುಂಪಿನ ರಕ್ತದ ಜೊತೆ ಬೆರೆಸಿ ನೋಡ್ದೆ. ಗಂಟುಗಂಟಾಗಿ ಹೋಯ್ತು. ನಿಜವಾದ ಓ ಆಗಿದ್ರೆ ಹಂಗಾಗಲ್ಲ. ಬೆಂಗಳೂರಿಗೆ ಕಳಿಸಿದ್ದೆ. ಬಾಂಬೆ ಗ್ರೂಪು ಅಂತ ಬರೆದು ಕಳಿಸವ್ರೆ."

"ನಾನು ಬಾಂಬೆ ಕಡೀಕೆ ಹೋಗೇ ಇಲ್ವಲ್ಲ ಮೇಡಂ."

ಕರೀಮುನ್ನೀಸಾ ನಗಲಿಲ್ಲ. "ಮೊದಲು ಅಲ್ಲಿ ಕಂಡುಹಿಡಿದ್ರು, ಅದಕ್ಕೆ ಆ ಹೆಸರು. ನೋಡಾಕೆ ಓ ಥರಾನೇ ಕಾಣುತ್ತೆ, ಆದ್ರೆ ಅಲ್ಲ. ಹತ್ತು ಸಾವಿರಕ್ಕೆ ಒಬ್ಬರು ಸಿಕ್ಕಿದ್ರೆ ಸಿಕ್ಕಿದ್ರು. ನಿಂದು ಬೇರೆಯವರಿಗೆ ಹೆಂಗೋ ಹೊಂದುತ್ತೆ. ನಿಂಗೆ ಬೇಕಾದಾಗ ಮಾತ್ರ ಇದೇ ಗುಂಪಿನವರೇ ಕೊಡಬೇಕು. ಬೇರೆ ರಕ್ತ ಒಂದು ಬಾಟಲಿ ಹೋದ್ರೂ ಜೀವಕ್ಕೆ ಅಪಾಯ. ಬೈಕು ಓಡಿಸ್ತೀಯಾ?"

"ಇಲ್ಲ."

"ಕಲೀಬೇಡ."

ಇಂಥ ರಕ್ತ ಒಡಹುಟ್ಟಿದವರಲ್ಲಿ ಇರುವ ಸಂಭವ ಹೆಚ್ಚು ಎಂದು ಅವರು ಹೇಳಿದ್ದರಿಂದ ಬೈರೇಶ್ ಅಪ್ಪನನ್ನೂ ಅಣ್ಣನನ್ನೂ ಕರೆದುಕೊಂಡು ಬಂದ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪ ಗಂಗಯ್ಯ ಕಂಬಳಿ ಹೆಗಲ ಮೇಲೆ ಹಾಕಿಕೊಂಡೇ ಬಂದು, ಸೂಜಿ ಚುಚ್ಚುವಾಗ ಗೋಡೆಯ ಕಡೆ ನೋಡುತ್ತ ಕೂತ. ಅಪ್ಪನದು ಬಿ, ಅಣ್ಣನದು ಬಿ. ಗಂಗಯ್ಯ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ರಕ್ತ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಎರಡೂ ಕಡೆಯಿಂದ ಬಂದು ಸೇರಿ ಯಾವಾಗಲೋ ಒಬ್ಬರಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ ಎಂದು ಕರೀಮುನ್ನೀಸಾ ವಿವರಿಸಿದರು. ಗಂಗಯ್ಯನಿಗೆ ಅದು ಅರ್ಥವಾಗಲಿಲ್ಲ.

"ಒಂದೇ ಹೊಟ್ಟೇಲಿ ಹುಟ್ಟಿದ್ದೀರಿ. ಒಬ್ಬನ್ದು ಬ್ಯಾರೆ ಹೆಂಗಾದದ್ಲಾ?" ಎಂದು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಲೇ ಬಂದ. ಬಸ್ಸು ಹತ್ತುವ ಮುಂಚೆ, "ಊರಾಗೆ ಯಾರಿಗೂ ಹೇಳ್ಬ್ಯಾಡ," ಎಂದ.

ಹೇಳಿದವರು ಯಾರೋ, ಸುದ್ದಿಯಂತೂ ಹಬ್ಬಿತು. ಆ ವರ್ಷ ಕೋಡಿಹಳ್ಳಿ ಕಡೆಯ ಒಂದು ಸಂಬಂಧ ಮಾತಿಗೆ ಬಂದಿತ್ತು. ಹುಡುಗಿಯ ಸೋದರಮಾವ ಗಂಗಯ್ಯನ ಹಟ್ಟಿಗೇ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಹುಡುಗನ ರಕ್ತದಾಗೆ ಏನೋ ಐತಂತಲ್ಲ," ಎಂದ. ಏನೂ ಇಲ್ಲ ಎಂದು ಗಂಗಯ್ಯ ಹೇಳಿದ. ಏನೂ ಇಲ್ಲದಿದ್ದರೆ ಬೆಂಗಳೂರಿಗೆ ಯಾಕೆ ಕಳಿಸಿದರು ಎಂದು ಅವನು ಕೇಳಿದ. ಬೈರೇಶ್ ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಎದ್ದು ಬಂದು ಬಿಡಿಸಿ ಹೇಳಬಹುದಾಗಿತ್ತು. ಹೇಳಿದಷ್ಟೂ ಕಾಯಿಲೆಯಂತೆಯೇ ಕೇಳಿಸುತ್ತದೆ ಎಂದು ಅವನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಇನ್ನೊಂದು ಸಂಬಂಧ ಬಂದು ಅದೂ ಅಷ್ಟರಲ್ಲೇ ನಿಂತಿತು. ಆಮೇಲೆ ಮನೆಯಲ್ಲಿ ಅವನ ಮದುವೆಯ ಮಾತೇ ನಿಂತುಹೋಯಿತು. ಅಣ್ಣನಿಗೆ ಮಕ್ಕಳಾದವು. ಅತ್ತಿಗೆ ಅವನ ತಟ್ಟೆಯನ್ನು ಬೇರೆ ಇಡುತ್ತಿದ್ದಳೋ ಇಲ್ಲವೋ ಅವನಿಗೆ ಖಚಿತವಿರಲಿಲ್ಲ, ಆದರೆ ನೋಡುತ್ತಿದ್ದ.

ಮರುವರ್ಷ ಬ್ಲಡ್ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಕರೀಮುನ್ನೀಸಾ ಅವನಿಗೇ ಹೇಳಿಕಳಿಸಿದರು. ಅವನು ಕಾರ್ಖಾನೆ ಬಿಟ್ಟು, ಕನಕಪುರದಲ್ಲಿ ಒಂದು ಕೋಣೆ ಹಿಡಿದು ಅಲ್ಲಿಗೆ ಸೇರಿಕೊಂಡ. ಕಾಯುವವರ ಬೆಂಚಿನ ಪಕ್ಕದ ಕಿಟಕಿಯ ಹಿಂದೆ ಅವನ ಮೇಜು. ಹಳೆಯ ರಿಜಿಸ್ಟರುಗಳಲ್ಲಿದ್ದ ದಾನಿಗಳ ಹೆಸರನ್ನೆಲ್ಲ ಎರಡು ವರ್ಷ ಕೂತು ಟೈಪ್ ಮಾಡಿದ. ಹೆಸರು, ಊರು, ವಯಸ್ಸು, ಗುಂಪು, ಕೊಟ್ಟ ತಾರೀಕು. ನಾಲ್ಕು ಸಾವಿರ ದಾಟಿತು. ಗುಂಪಿನ ಪ್ರಕಾರ ವಿಂಗಡಿಸಿ ಎಂದು ಕಂಪ್ಯೂಟರಿಗೆ ಹೇಳಿದರೆ ಓ ಗುಂಪಿನವರು ಪುಟಗಟ್ಟಲೆ ಬರುತ್ತಿದ್ದರು, ಬಿ ಗುಂಪಿನವರೂ ಹಾಗೇ. ಬಾಂಬೆ ಎಂದು ಕೇಳಿದರೆ ಒಂದು ಸಾಲು ಬರುತ್ತಿತ್ತು. ಬೈರೇಶ್, ತಂದೆ ಗಂಗಯ್ಯ. ಕರೆಂಟು ಹೋಗಿ ಬಂದಾಗ ಪಟ್ಟಿ ಸರಿಯಾಗಿದೆಯೇ ಎಂದು ನೋಡಲು ಅವನು ಮೊದಲು ಕೇಳುತ್ತಿದ್ದದ್ದು ಅದನ್ನೇ. ಚಿಕ್ಕಂದಿನಲ್ಲಿ ಕುರಿ ಹಿಂದೆ ಇಡೀ ದಿನ ಒಬ್ಬನೇ ಗುಡ್ಡದಲ್ಲಿ ಇರುತ್ತಿದ್ದ. ಆಗ ಒಬ್ಬನೇ ಇದ್ದೇನೆ ಎಂದು ಅನ್ನಿಸುತ್ತಿರಲಿಲ್ಲ.

2008ರ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಿಂದ ಕರೆ ಬಂದು, ಯಾರದೋ ಮಗುವಿಗೆ ಅವನು ಹೋಗಿ ರಕ್ತ ಕೊಟ್ಟು ಬಂದ. ಅದಾದ ಐದೇ ವಾರಕ್ಕೆ ಕನಕಪುರದ ಹತ್ತಿರದ ಕಲ್ಲು ಕ್ವಾರಿಯಲ್ಲಿ ಬಂಡೆ ಜಾರಿ ಸಿದ್ದಯ್ಯ ಎಂಬ ಕೆಲಸಗಾರನ ತೊಡೆ ಜಜ್ಜಿಹೋಯಿತು. ರಕ್ತ ಹೊಂದಿಸಿ ನೋಡಲು ಮಾದರಿ ತಂದರು. ಓ ಎಂದು ಬರೆದಿತ್ತು. ಫ್ರಿಜ್ಜಿನಲ್ಲಿದ್ದ ಓ ಬಾಟಲಿಗಳಲ್ಲಿ ಒಂದೂ ಹೊಂದಲಿಲ್ಲ. ನಾಲ್ಕನೆಯದೂ ಗಂಟಾದಾಗ ಕರೀಮುನ್ನೀಸಾ ಗಾಜಿನ ಪಟ್ಟಿಯನ್ನು ಕೆಳಗಿಟ್ಟು ಬೈರೇಶನ ಕಡೆ ನೋಡಿದರು.

"ತಗೊಳ್ಳಿ ಮೇಡಂ," ಎಂದ ಅವನು, ಅಂಗಿಯ ತೋಳು ಮಡಚುತ್ತ.

"ಐದೇ ವಾರ ಆಗಿರೋದು. ಮೂರು ತಿಂಗಳು ಆಗಬೇಕು."

"ನಂಗೇನೂ ಆಗಾಕಿಲ್ಲ. ತಗೊಳ್ಳಿ."

ಅವರು ಒಪ್ಪಲಿಲ್ಲ. ಅವನ ಹಿಮೋಗ್ಲೋಬಿನ್ ನೋಡಿದರು, ಸಾಲದು. ಬೆಂಗಳೂರಿನ ಆರು ಕಡೆಗೆ ಫೋನು ಮಾಡಿದರು. ಸಂಜೆ ಹೊತ್ತಿಗೆ ಒಂದು ಬಾಟಲಿ ಸಿಕ್ಕಿ ಹೊರಟಿತು. ಅದು ಕಗ್ಗಲೀಪುರ ದಾಟುವ ಹೊತ್ತಿಗೆ ಸಿದ್ದಯ್ಯ ತೀರಿಕೊಂಡಿದ್ದ.

ಹದಿನೈದು ದಿನ ಬಿಟ್ಟು ಸಿದ್ದಯ್ಯನ ಹೆಂಡತಿ ಯಾವುದೋ ಸರ್ಟಿಫಿಕೇಟಿಗಾಗಿ ಕಾಗದಗಳ ಕಟ್ಟು ಹಿಡಿದು ಬಂದಳು. ಆ ಕಟ್ಟಿನಲ್ಲಿ ಎರಡು ವರ್ಷದ ಹಿಂದಿನ ಒಂದು ಚೀಟಿ ಇತ್ತು. ಹರ್ನಿಯಾ ಆಪರೇಷನ್ನಿಗೆಂದು ರಾಮನಗರದಲ್ಲಿ ರಕ್ತ ಹೊಂದಿಸಿ ನೋಡಿದ್ದರು. 'ಓ ಪಾಸಿಟಿವ್, ಹೊಂದಾಣಿಕೆ ಇಲ್ಲ' ಎಂದು ಬರೆದಿತ್ತು. ಆ ಆಪರೇಷನ್ ಹೇಗೋ ರಕ್ತವಿಲ್ಲದೆಯೇ ಆಗಿಹೋಗಿತ್ತು. ಚೀಟಿ ಟ್ರಂಕು ಸೇರಿತ್ತು.

ಬೈರೇಶ್ ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಇಪ್ಪತ್ತೈದು ಕಿಲೋಮೀಟರ್ ದೂರದ ರಾಮನಗರಕ್ಕೆ ತನ್ನಂಥವನೇ ಇನ್ನೊಬ್ಬ ಬಂದು ಹೋಗಿದ್ದ. ಅವನ ಹೆಸರು ಒಂದು ಕಡೆಯ ರಿಜಿಸ್ಟರಿನಲ್ಲಿತ್ತು, ತನ್ನ ಹೆಸರು ಇನ್ನೊಂದು ಕಡೆಯ ಕಂಪ್ಯೂಟರಿನಲ್ಲಿತ್ತು. ಎರಡು ಸಾಲುಗಳೂ ಒಂದೇ ಪಟ್ಟಿಯಲ್ಲಿ ಇದ್ದಿದ್ದರೆ ಯಾರಾದರೂ ನೋಡುತ್ತಿದ್ದರು. ಅವನನ್ನು ಒಮ್ಮೆಯೂ ಮಾತಾಡಿಸಲಾಗಲಿಲ್ಲವಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು.

ಜಿಲ್ಲೆಯ ನಾಲ್ಕು ತಾಲೂಕುಗಳ ಬ್ಲಡ್ ಬ್ಯಾಂಕುಗಳದೂ ಸೇರಿ ಒಂದೇ ಡೇಟಾಬೇಸ್ ಇರಬೇಕು, ಅದನ್ನು ಎಲ್ಲರೂ ಅವರವರ ಜಾಗದಿಂದಲೇ ನೋಡುವಂತಿರಬೇಕು ಎಂಬುದು ಅವನ ತಲೆಗೆ ಹೊಕ್ಕಿತು. ಅದನ್ನು ಇಡುವುದೆಲ್ಲಿ ಎಂಬುದು ತೊಡಕು. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಇಟ್ಟರೆ ಕನಕಪುರದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ದೊಡ್ಡ ಸರ್ವರ್ ತರಿಸಲು ಧರ್ಮಸಂಸ್ಥೆಗೆ ಶಕ್ತಿಯಿಲ್ಲ. ಅವೆನ್ಯೂ ರೋಡಿನಿಂದ ಹಳೆಯ ಪುಸ್ತಕ ತಂದು ಪ್ರೋಗ್ರಾಂ ಬರೆಯಲು ಕಲಿಯುತ್ತ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಜೀರನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಓದುತ್ತಿದ್ದ. ನಜೀರ್ ಅವನ ವಯಸ್ಸಿನವನೇ, ಆಗಷ್ಟೇ ಬಾಗಿಲು ತೆಗೆದು ಕಸ ಗುಡಿಸುತ್ತಿರುತ್ತಿದ್ದ. ಅಲ್ಲಿ ಒಂದು ದಿನ ಬೈರೇಶನ ಕಣ್ಣಿಗೆ ಬಿದ್ದದ್ದು ಪ್ರೋಗ್ರಾಂ ಬರೆಯುವವರಿಗಾಗಿ ಹೊಸದಾಗಿ ಬಂದಿದ್ದ ಒಂದು ಸೌಕರ್ಯ. ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಯಾವುದೋ ದೇಶದಲ್ಲಿ ಸಾವಿರಾರು ಯಂತ್ರಗಳನ್ನು ಸಾಲಾಗಿ ಇಟ್ಟ ಕಟ್ಟಡವಿದೆ, ಅದರಲ್ಲಿ ಒಂದು ಯಂತ್ರದಷ್ಟು ಪಾಲನ್ನು ಗಂಟೆಯ ಬಾಡಿಗೆಗೆ ಹಿಡಿಯಬಹುದು. ಇಲ್ಲಿ ಕೂತು ಅಪ್ಪಣೆ ಕೊಟ್ಟರೆ ಎರಡು ನಿಮಿಷದಲ್ಲಿ ಅಲ್ಲಿ ಯಂತ್ರ ಏಳುತ್ತದೆ. ಕ್ಲೌಡ್ ಎಂದು ಕರೆಯುತ್ತಿದ್ದರು.

"ಮೋಡದಾಗೆ ಇಕ್ತೀಯಾ?" ಎಂದ ನಜೀರ್. "ನಮ್ಮೂರಲ್ಲಿ ಮಳೆ ಸುರಿಯೋ ಮೋಡಾನೇ ನಿಲ್ಲಾಕಿಲ್ಲ. ಯಾವೂರಾಗೈತೆ ಗುರು ಅದು?"

"ಗೊತ್ತಿಲ್ಲ."

"ಊರು ಗೊತ್ತಿಲ್ದೆ ಬಾಡಿಗೆ ಹಿಡೀತೀಯಾ."

ಬಾಡಿಗೆ ಹಿಡಿಯಲು ಕ್ರೆಡಿಟ್ ಕಾರ್ಡ್ ಬೇಕಿತ್ತು, ಬೈರೇಶನ ಬಳಿ ಇರಲಿಲ್ಲ. ಒಂದು ವಾರ ಯೋಚಿಸಿ ನಜೀರ್ ತನ್ನ ಕಾರ್ಡಿನ ನಂಬರು ಕೊಟ್ಟ. "ರಕ್ತದ ಕೆಲಸ ಅಂತ ಕೊಡ್ತಾ ಇವ್ನಿ. ಇನ್ನೇನಕ್ಕಾದ್ರೂ ಆದ್ರೆ ಕೊಡ್ತಿರ್ಲಿಲ್ಲ," ಎಂದ.

2009ರ ಬೇಸಿಗೆಯಿಡೀ ಬೈರೇಶನ ಭಾನುವಾರಗಳು ಬಸ್ಸಿನಲ್ಲೇ ಕಳೆದವು. ರಾಮನಗರದಲ್ಲಿ ರಿಜಿಸ್ಟರ್ ಕೊಟ್ಟರು, ಅಲ್ಲೇ ಕೂತು ಬರೆದುಕೊಳ್ಳಬೇಕು ಎಂದರು. ಮಾಗಡಿಯವರು ಮೂರು ಸಲ ಅಲೆಸಿದರು. ಚನ್ನಪಟ್ಟಣದಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ ಇತ್ತು, ಆದರೆ ಊರಿನ ಹೆಸರಿನ ಕಡೆ ವಯಸ್ಸು, ವಯಸ್ಸಿನ ಕಡೆ ಗುಂಪು ಸೇರಿಕೊಂಡಿತ್ತು. ದಾನಿಗಳ ಜೊತೆಗೆ ರಕ್ತ ಕೇಳಿಕೊಂಡು ಬಂದ ರೋಗಿಗಳ ವಿವರವೂ ಬೇಕು ಎಂದಾಗ ಕೆಲವರು ಹುಬ್ಬೇರಿಸಿದರು. ಪ್ರತಿ ಬ್ಲಡ್ ಬ್ಯಾಂಕಿಗೂ ಬೇರೆ ಪಾಸ್‌ವರ್ಡ್, ಹೊರಗಿನವರು ಯಾರೂ ನೋಡಲಾಗದು ಎಂದು ಬರೆದು ಸಹಿ ಹಾಕಿಕೊಟ್ಟ ಮೇಲೆ ಒಪ್ಪಿದರು.

ಹದಿನಾರು ದಿನ ಕೂತು ಹೊಂದಿಸಿದ್ದೆಲ್ಲ ಒಂದು ಶನಿವಾರ ಹೋಯಿತು. ಸುಮ್ಮನೆ ಯಾಕೆ ಬಾಡಿಗೆ ಏರುವುದು ಎಂದು ಅವನು ಯಂತ್ರವನ್ನು ಮುಚ್ಚಿದ್ದ. ಸೋಮವಾರ ಬಂದು ನೋಡಿದರೆ ಯಂತ್ರವಿಲ್ಲ, ಅದರೊಳಗಿನ ಡೇಟಾಬೇಸೂ ಇಲ್ಲ. ಬೈರೇಶ್ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ರಸ್ತೆ ಬದಿಯಲ್ಲಿ ನಿಂತ. ನಜೀರ್ ಬಂದು ಏನಾಯಿತೆಂದು ಕೇಳಿದ. ಹೇಳಿದರೂ ಏನು ಕಳೆದುಹೋಯಿತು ಎಂದು ತೋರಿಸುವಂತಿರಲಿಲ್ಲ. ಮೇಜು, ಕಂಪ್ಯೂಟರು, ನೋಟ್ ಪುಸ್ತಕ ಎಲ್ಲವೂ ಇದ್ದಲ್ಲೇ ಇದ್ದವು. "ಏನಿಲ್ಲ," ಎಂದ.

ಪ್ರೋಗ್ರಾಂ ಬರೆಯುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಒಂದು ವೆಬ್‌ಸೈಟಿನಲ್ಲಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ನಡೆದದ್ದನ್ನು ಬರೆದು ಹಾಕಿದ. ಮರುದಿನ ಒಬ್ಬರು ಉತ್ತರಿಸಿದ್ದರು. ಯಂತ್ರ ಯಾವಾಗ ಬೇಕಾದರೂ ಸಾಯಬಹುದು ಎಂದುಕೊಂಡೇ ಕಟ್ಟಬೇಕು. ಡೇಟಾಬೇಸನ್ನು ಯಂತ್ರದೊಳಗೆ ಇಡಬಾರದು, ಬೇರೊಂದು ಡಿಸ್ಕನ್ನು ಬಾಡಿಗೆಗೆ ಹಿಡಿದು ಅದರಲ್ಲಿಡಬೇಕು. ಪ್ರೋಗ್ರಾಂ, ಅದಕ್ಕೆ ಬೇಕಾದ ಸಲಕರಣೆ, ಸೆಟ್ಟಿಂಗು ಎಲ್ಲವನ್ನೂ ಒಟ್ಟುಸೇರಿಸಿ ಒಂದು ಅಚ್ಚು ತೆಗೆದಿಟ್ಟುಕೊಂಡರೆ, ಹಳೆಯ ಯಂತ್ರ ಹೋದರೂ ಆ ಅಚ್ಚಿನಿಂದ ಹೊಸದು ಹತ್ತು ನಿಮಿಷದಲ್ಲಿ ಏಳುತ್ತದೆ. ಹೇಗೆ ಮಾಡಬೇಕೆಂದು ಒಂದೊಂದೇ ಹೆಜ್ಜೆ ಬರೆದಿದ್ದರು. ಬರೆದವರು ಗಂಡಸೋ ಹೆಂಗಸೋ, ಯಾವ ದೇಶದವರೋ ತಿಳಿಯಲಿಲ್ಲ. ಬೈರೇಶ್ ಥ್ಯಾಂಕ್ಸ್ ಹೇಳಿ, ಅದು ಯಾತಕ್ಕಾಗಿ ಎಂದೂ ವಿವರವಾಗಿ ಬರೆದ. ಆಮೇಲೆ ಒಂದು ತಿಂಗಳು ದಿನಾ ನೋಡಿದ. ಮತ್ತೆ ಉತ್ತರ ಬರಲಿಲ್ಲ.

ಮೊದಲಿಂದ ಕಟ್ಟಿದ. ಈ ಸಲ ನಿಂತಿತು. ಆಗಸ್ಟಿನ ಹೊತ್ತಿಗೆ ನಾಲ್ಕೂ ಕಡೆಯವರು ಅದನ್ನೇ ನೋಡಿ ರಕ್ತ ಹುಡುಕುವಂತಾಯಿತು. ಉಳಿದವರಿಗೆ ಅಷ್ಟು ಸಾಕಿತ್ತು. ಬೈರೇಶನಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇತ್ತು. ಓ ಗುಂಪು ಎಂದು ಬರೆಸಿಕೊಂಡು, ಒಂದಕ್ಕಿಂತ ಹೆಚ್ಚು ಸಲ ಓ ರಕ್ತ ಹೊಂದದೇ ಹೋದವರು ಯಾರು? ಒಬ್ಬರೇ ಮನುಷ್ಯರ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರಾದ್ದರಿಂದ, ಹೆಸರಿನ ಉಚ್ಚಾರ ಹತ್ತಿರವಿದ್ದು ಊರು, ವಯಸ್ಸು ಕೂಡಿ ಬಂದರೆ ಒಬ್ಬರೇ ಎಂದು ತಿಳಿಯುವಂತೆ ಪ್ರೋಗ್ರಾಂ ಬರೆದಿದ್ದ. ಒಂದು ಗುರುವಾರ ಮಧ್ಯಾಹ್ನ, ಬೆಂಚಿನ ಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ, ಆ ಪ್ರಶ್ನೆ ಕೇಳಿದ.

ಐದು ಹೆಸರು ಬಂದವು. ಒಂದು, ತೀರಿಕೊಂಡಿದ್ದ ಸಿದ್ದಯ್ಯನದೇ. ಇಬ್ಬರು ಕೊಟ್ಟಿದ್ದ ವಿಳಾಸದಲ್ಲಿ ಇರಲಿಲ್ಲ. ಇನ್ನೊಬ್ಬರಿಗೆ ಹೊಂದದೇ ಹೋದದ್ದಕ್ಕೆ ಬೇರೆ ಕಾರಣವಿತ್ತು. ಐದನೆಯದು ಚನ್ನಪಟ್ಟಣದ ರೋಶನ್ ಬೀ. ನಲವತ್ತೇಳು ವರ್ಷ. 2005ರಲ್ಲಿ ಚನ್ನಪಟ್ಟಣದಲ್ಲಿ ರೋಶನ್ ಬಿ, 2006ರಲ್ಲಿ ರಾಮನಗರದಲ್ಲಿ ರೋಷನ್‌ಬೀ, 2008ರ ಮೇ ತಿಂಗಳಲ್ಲಿ ಕನಕಪುರದಲ್ಲಿ ರೋಸನ್ ಬಿ. ಮೂರು ಕಡೆಯೂ ಗರ್ಭಕೋಶದ ಆಪರೇಷನ್ನಿಗೆ ರಕ್ತ ಕೇಳಿದ್ದರು. ಮೂರು ಕಡೆಯೂ ಹೊಂದಾಣಿಕೆ ಇಲ್ಲ.

ಮೂರನೆಯ ಸಾಲನ್ನು ಟೈಪ್ ಮಾಡಿದವನು ಬೈರೇಶನೇ. ತಪ್ಪು ಕಾಗುಣಿತವೂ ಅವನದೇ.

ಕರೀಮುನ್ನೀಸಾ ತಾರೀಕನ್ನು ಎರಡು ಸಲ ನೋಡಿದರು. "ಆ ವಾರ ನಾನಿರಲಿಲ್ಲ. ಮಗಳ ಮದುವೆ," ಎಂದರು. "ಭಾನುವಾರ ಹೋಗೋಣ. ಹೆಂಗಸರ ಕಾಯಿಲೆ, ನೀನೊಬ್ಬನೇ ಹೋಗಿ ಕೇಳಾಕಾಗಲ್ಲ."

ಸಾತನೂರಿನ ಮೇಲೆ, ಅಕ್ಕೂರು ದಾಟಿ ಚನ್ನಪಟ್ಟಣಕ್ಕೆ ಹೋದರು. ರೋಶನ್ ಬೀಯ ಮನೆ ಬೊಂಬೆ ಕಡೆಯುವವರ ಬೀದಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಗಂಡ ಕಡೆಯುವ ಯಂತ್ರದ ಮುಂದೆ ಕೂತಿದ್ದ. ಅವಳೂ ಇಪ್ಪತ್ತು ವರ್ಷ ಬೊಂಬೆಗಳಿಗೆ ಅರಗಿನ ಬಣ್ಣ ಹಾಕಿದವಳು. ಈಗ ನಾಲ್ಕು ವರ್ಷದಿಂದ ಯಂತ್ರದ ಮುಂದೆ ಕೂರಲಾಗುತ್ತಿಲ್ಲ, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತದೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕರೀಮುನ್ನೀಸಾ ಒಳಗೆ ಹೋಗಿ ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಬೈರೇಶ್ ಜಗಲಿಯಲ್ಲಿ ಕಾದ. ಕೊನೆಗೆ ಅವಳೇ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಮೂರು ಕಡೆ ಹೋದ್ವಿ ತಮ್ಮಾ," ಎಂದಳು ಕನ್ನಡದಲ್ಲಿ. "ಮೂರು ಕಡೇನೂ ನಿನ್ನ ರಕ್ತಕ್ಕೆ ಯಾರದೂ ಸೇರ್ತಿಲ್ಲ ಅಂದ್ರು. ಯಾರ ರಕ್ತಾನೂ ಸೇರಲ್ಲ ಅಂದ್ರೆ ನಾನೇನು ಪಾಪ ಮಾಡಿದೀನೋ ಅಂದ್ಕೊಂಡು ಸುಮ್ನಾದೆ. ಕನಕಪುರದಾಗೆ ಕಿಟಕಿ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನದ ತನಕ."

"ಕಿಟಕಿ ಹಿಂದೆ ಟೈಪ್ ಮಾಡ್ತಾ ಇದ್ದೋನು ನಾನೇ ಅಕ್ಕ," ಎಂದ ಬೈರೇಶ್. "ನಿಮ್ದೂ ನನ್ನ ಥರದ್ದೇ ರಕ್ತ ಇರ್ಬೋದು ಅಂತ ಅನುಮಾನ. ಪರೀಕ್ಷೆ ಮಾಡ್ಬೇಕು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಯಾವ ಜನ?"

"ಕುರಿ ಕಾಯೋರು. ಸಾತನೂರ ಕಡೆ."

"ಹೌದಾ," ಎಂದಳು. ಮತ್ತೇನೂ ಕೇಳದೆ ತೋಳು ಮುಂದೆ ಚಾಚಿದಳು.

ಬೆಂಗಳೂರಿನಿಂದ ಹತ್ತು ದಿನಕ್ಕೆ ಉತ್ತರ ಬಂತು. ಅದೇ ಗುಂಪು. ಬೈರೇಶ್ ಪಟ್ಟಿಯಲ್ಲಿ ಅವಳ ಗುಂಪನ್ನು ತಿದ್ದಿ, ಬಾಂಬೆ ಎಂದು ಕೇಳಿದ. ಎರಡು ಸಾಲು ಬಂದವು. ಕರೀಮುನ್ನೀಸಾರನ್ನು ಕರೆದು ತೋರಿಸಬೇಕೆಂದು ಎದ್ದವನು, ಲ್ಯಾಬಿನಲ್ಲಿ ಅವರು ಯಾರದೋ ಮಾದರಿ ನೋಡುತ್ತಿದ್ದದ್ದನ್ನು ಕಂಡು ಮತ್ತೆ ಬಂದು ಕೂತ.

ಬೆಂಗಳೂರಿನ ಒಂದು ಆಸ್ಪತ್ರೆ ಆಪರೇಷನ್ನಿಗೆ ಒಪ್ಪಿತು. ಕನಿಷ್ಠ ಎರಡು ಬಾಟಲಿ ಬೇಕು ಎಂದರು. ಎರಡು ದಿನ ಮುಂಚೆ ಬೈರೇಶ್ ಹೋಗಿ ಒಂದು ಕೊಟ್ಟ. ಇನ್ನೊಂದನ್ನು ಬೆಂಗಳೂರಿನವರೇ ಯಾರೋ ಕೊಟ್ಟರಂತೆ. ಯಾರೆಂದು ಕೇಳಿದ್ದಕ್ಕೆ ನರ್ಸು, "ಹೆಸರು ಹೇಳೋ ಹಾಗಿಲ್ಲ, ಈಗ ತಾನೇ ಹೋದ್ರು," ಎಂದಳು. ಬೈರೇಶ್ ಗೇಟಿನವರೆಗೆ ಓಡಿಯೇ ಹೋದ. ಹೊರಗೆ ಆಟೋಗಳು, ಎಳನೀರಿನವನು, ಬಸ್ಸಿಗೆ ಕಾಯುತ್ತಿದ್ದ ನಲವತ್ತು ಐವತ್ತು ಜನ. ಅವರಲ್ಲಿ ಯಾರು ಬೇಕಾದರೂ ಆಗಿರಬಹುದಾಗಿತ್ತು. ಒಂದಷ್ಟು ಹೊತ್ತು ಯಾರ ಮೊಣಕೈಯಲ್ಲಾದರೂ ಸೂಜಿ ಚುಚ್ಚಿದ ಮೇಲೆ ಅಂಟಿಸುವ ಹತ್ತಿ ಇದೆಯೇ ಎಂದು ನೋಡುತ್ತ ನಿಂತಿದ್ದು ವಾಪಸು ಬಂದ.

ಆಪರೇಷನ್ ದಿನ ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ರಜೆ ಹಾಕಿ ಹೋದ. ಹೊರಗಿನ ವರಾಂಡದಲ್ಲಿ ರೋಶನ್ ಬೀಯ ಗಂಡ, ಇಬ್ಬರು ಹೆಣ್ಣುಮಕ್ಕಳು, ಅಳಿಯ, ತಂಗಿಯರು ಇದ್ದರು. ಗಂಡ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಿಟ್ಟ. ಆಮೇಲೆ ಅವರ ಮಾತು ಅವರ ಭಾಷೆಗೆ ತಿರುಗಿತು. ಬೈರೇಶ್ ನೀರಿನ ನಲ್ಲಿಯ ಪಕ್ಕದ ಕುರ್ಚಿಯಲ್ಲಿ ಕೂತ. ಮೂರು ಗಂಟೆಯ ಮೇಲೆ ಡಾಕ್ಟರ್ ಹೊರಗೆ ಬಂದು ಎಲ್ಲ ಸರಿಯಾಯಿತು ಎಂದರು. ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಬೈರೇಶ್ ಎದ್ದು ನಿಂತ. ಯಾರಾದರೂ ತನ್ನ ಕಡೆ ತಿರುಗುತ್ತಾರೇನೋ ಎಂದು ಒಂದು ಕ್ಷಣ ನೋಡಿ, ಅವರ ಸಂತೋಷದ ನಡುವೆ ನಿಲ್ಲುವುದು ಸರಿಯಲ್ಲ ಎನ್ನಿಸಿ, ಮೆಟ್ಟಿಲಿಳಿದು ಕನಕಪುರದ ಬಸ್ಸು ಹತ್ತಿದ.

ರೋಶನ್ ಬೀಯ ಮಕ್ಕಳನ್ನೂ ತಂಗಿಯರನ್ನೂ ಪರೀಕ್ಷಿಸಿದರು. ಯಾರಿಗೂ ಆ ಗುಂಪು ಇರಲಿಲ್ಲ. 2010ರ ಕೊನೆಗೆ ಜಿಲ್ಲೆಯ ಪಟ್ಟಿಯಲ್ಲಿ ಮಾಗಡಿಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಹೆಸರು ಮಾತ್ರ ಹೊಸದಾಗಿ ಸೇರಿತು. ಅದನ್ನು ಹುಡುಕಿದವರು ಮಾಗಡಿಯವರೇ. ಬೈರೇಶನಿಗೆ ಗೊತ್ತಾದದ್ದು ಪಟ್ಟಿ ನೋಡಿದಾಗ.

ಈಗ ಹಾಗೇ ಆಗುತ್ತಿತ್ತು. ಮುಂಚೆ ಯಾರಿಗೆ ಯಾವ ರಕ್ತ ಬೇಕಾದರೂ ಮೊದಲು ಅವನಿಗೆ ಫೋನು ಬರುತ್ತಿತ್ತು, ಊಟಕ್ಕೆ ಕೂತಾಗಲೂ ಬರುತ್ತಿತ್ತು. ಈಗ ಅವರವರೇ ನೋಡಿಕೊಳ್ಳುತ್ತಿದ್ದರು. ಒಂದು ಸಲ ಅವನಿಗೆ ಟೈಫಾಯ್ಡ್ ಬಂದು ಎಂಟು ದಿನ ಕೋಣೆಯಲ್ಲಿ ಮಲಗಿದ್ದ. ನಜೀರ್ ಎರಡು ಸಲ ಇಡ್ಲಿ ತಂದುಕೊಟ್ಟ. ಗಂಗಯ್ಯನಿಗೆ ಹೇಳಿಕಳಿಸಲಿಲ್ಲ. ಒಂಬತ್ತನೆಯ ದಿನ ಕೆಲಸಕ್ಕೆ ಬಂದು ನೋಡಿದರೆ, ಆ ಎಂಟು ದಿನದಲ್ಲಿ ನಾಲ್ಕು ತಾಲೂಕಿನಿಂದ ಮೂವತ್ತೊಂದು ಸಲ ಪಟ್ಟಿಯಲ್ಲಿ ಹುಡುಕಿದ್ದರು, ಇಪ್ಪತ್ತೆಂಟು ಜನಕ್ಕೆ ರಕ್ತ ಸಿಕ್ಕಿತ್ತು. ನಡುವೆ ಒಂದು ದಿನ ಯಂತ್ರ ಸತ್ತು, ಅವನು ಬರೆದಿಟ್ಟಿದ್ದ ಪ್ರೋಗ್ರಾಂ ತಾನಾಗಿಯೇ ಅಚ್ಚಿನಿಂದ ಇನ್ನೊಂದನ್ನು ಎಬ್ಬಿಸಿಕೊಂಡಿತ್ತು. ಅವನು ಇಲ್ಲವೆಂದು ಯಾರಿಗೂ ತಿಳಿದಿರಲಿಲ್ಲ. ಹೀಗಾಗಬೇಕೆಂದೇ ಅಷ್ಟು ಕಷ್ಟಪಟ್ಟದ್ದು. ಆದರೂ ಆ ದಿನ ಮೂವತ್ತೊಂದು ಸಾಲುಗಳನ್ನೂ ಮೇಲಿಂದ ಕೆಳಗೆ ಓದಿ, ಮತ್ತೊಮ್ಮೆ ಓದಿದ.

ಮುಂದಿನ ವರ್ಷ ಕರೀಮುನ್ನೀಸಾ ನಿವೃತ್ತರಾಗಿ ಮಗಳ ಊರಿಗೆ ಹೋದರು. ಹೊಸ ಟೆಕ್ನಿಷಿಯನ್ ಒಳ್ಳೆಯವನೇ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದ.

ರೋಶನ್ ಬೀ ಮತ್ತೆ ಬೊಂಬೆಗಳಿಗೆ ಬಣ್ಣ ಹಾಕುವಂತಾಗಿದ್ದಳು. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದಳು. ಅವರಿಬ್ಬರಿಗೂ ಆಡಲು ಹೆಚ್ಚು ಮಾತಿರಲಿಲ್ಲ. ಮಳೆ ಬಂತಾ, ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ. ಆಮೇಲೆ ಅವಳ ಕಡೆಯಿಂದ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

ಒಂದು ಸಂಜೆ ಬೈರೇಶ್ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ನೋಡಿಬರಲು ಸಾತನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನು ಬಂತು. ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳಂತೆ.

"ರಕ್ತ ಈಗ ಹತ್ತು ಐತಂತೆ ತಮ್ಮಾ. ಹನ್ನೆರಡೂವರೆ ಇಲ್ದೆ ಕೊಡಾಕಾಗಲ್ಲ ಅಂದ್ರು. ವಯಸ್ಸೂ ಆಯ್ತು ಅಂದ್ರು," ಎಂದಳು. "ನೀನು ನಂಗೆ ಕೊಟ್ಟೆ. ನಾಳೆ ನಿಂಗೇನಾದ್ರೂ ಆದ್ರೆ ನಾನು ಕೊಡಾಕಾಗಲ್ಲ. ಅದೊಂದು ಮನಸ್ಸಿಗೆ ಬೇಜಾರು."

"ಪರವಾಗಿಲ್ಲ ಬುಡಿ ಅಕ್ಕ," ಎಂದ ಬೈರೇಶ್. ಮತ್ತೆ, "ಬಸ್ಸು ಬಂತು, ಇಡ್ತೀನಿ," ಎಂದ.

ಬಸ್ಸು ಬಂದಿರಲಿಲ್ಲ. ಇನ್ನೂ ಮುಕ್ಕಾಲು ಗಂಟೆ ಬರಲಿಲ್ಲ.